ಆಂಟಿಬಯೋಟಿಕ್: ಗೆದ್ದ ಮದ್ದು ಸೋಲದಿರಲಿ

ಮಳೆಗಾಲ ಬಂತೆಂದರೆ ಮಲೆನಾಡಿಗೆ ಜ್ವರವೂ ಬರುತ್ತದೆ. ನಮ್ಮ ಗೋಣಿಬೀಡು ಹೋಬಳಿಯ ಕಾಫಿ ತೋಟಗಳ ಲೈನು ಮನೆಗಳಲ್ಲಿ ಇದು ಯಾರಿಗೂ ಹೊಸದಲ್ಲ. ಜ್ವರದಿಂದ ಒಂದು ದಿನದ ಕೂಲಿ ಹೋಗುತ್ತದೆ, ಮೂಡಿಗೆರೆಯ ಆಸ್ಪತ್ರೆಗೆ ಹೋದರೆ ಇನ್ನೊಂದು ದಿನದ್ದೂ ಹೋಗುತ್ತದೆ. ಹೀಗಾಗಿ ಔಷಧಿ ಅಂಗಡಿಯಲ್ಲಿ "ಜ್ವರಕ್ಕೆ ಎರಡು ಮಾತ್ರೆ ಕೊಡಿ" ಎಂದು ಕೇಳಿ ಪಡೆಯುವವರಿದ್ದಾರೆ. ಹಾಗೆ ಪಡೆದ ಮಾತ್ರೆಗಳಲ್ಲಿ ಕೆಲವೊಮ್ಮೆ ಆಂಟಿಬಯೋಟಿಕ್, ಅಂದರೆ ನಮ್ಮ ಪಠ್ಯಪುಸ್ತಕಗಳು ಪ್ರತಿಜೀವಕ ಎಂದು ಕರೆಯುವ ಮದ್ದೂ ಇರುತ್ತದೆ. ಈ ಮದ್ದು ಮನುಷ್ಯನ ಕೈಗೆ ಹೇಗೆ ಬಂತು, ಈಗ ಹೇಗೆ ಕೈಜಾರುತ್ತಿದೆ ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿಯಬೇಕು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಅದನ್ನು ಗುಣಪಡಿಸುವ ಮದ್ದು ವೈದ್ಯರ ಬಳಿ ಇರಲಿಲ್ಲ. ಜನ ಮನೆಮಠ ಬಿಟ್ಟು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ದಿನ ಕಳೆದರು. ಅದೇ ಪ್ಲೇಗನ್ನು ಇಂದು ಸಕಾಲದಲ್ಲಿ ಗುರುತಿಸಿದರೆ ಆಂಟಿಬಯೋಟಿಕ್‌ನಿಂದ ಗುಣಪಡಿಸಬಹುದು.

ಈ ಬದಲಾವಣೆಯ ಮೊದಲ ಹೆಜ್ಜೆ 1928ರಲ್ಲಿ ಬಿತ್ತು. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದಿರುವುದನ್ನು ಗಮನಿಸಿದರು. ಆ ಬೂಷ್ಟಿನಿಂದ ಬಂದದ್ದೇ ಪೆನಿಸಿಲಿನ್. ಅದನ್ನು ಬಳಸಬಲ್ಲ ಮದ್ದಾಗಿ ಮಾಡಿದವರು ಆಕ್ಸ್‌ಫರ್ಡ್‌ನ ಫ್ಲೋರಿ ಮತ್ತು ಚೈನ್ ಅವರ ತಂಡ. 1941ರಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಅದನ್ನು ಕೊಟ್ಟರು. ಸಾವಿನಂಚಿನಲ್ಲಿದ್ದ ಆತ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡ. ಆದರೆ ಮದ್ದು ಮುಗಿದುಹೋಯಿತು. ಆತನ ಮೂತ್ರದಿಂದಲೇ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಕೊಟ್ಟರೂ ಸಾಲಲಿಲ್ಲ, ಆತ ತೀರಿಕೊಂಡ. ಅಂದು ಇಷ್ಟು ದುರ್ಲಭವಾಗಿದ್ದ ಮದ್ದಿನ ಅರ್ಧ ಪಟ್ಟಿಯನ್ನು ಇಂದು ನಾವು ಗೂಡಿನಲ್ಲಿ ಬಿಟ್ಟು ಮರೆಯುತ್ತೇವೆ.

ನಮ್ಮ ದೇಶದ ಪಾತ್ರವೂ ಸಣ್ಣದಲ್ಲ. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದಲ್ಲಿ ನಡೆಸುತ್ತಿದ್ದ ಸಂಶೋಧನಾ ವಿಭಾಗದಿಂದ 1948ರಲ್ಲಿ ಆರಿಯೋಮೈಸಿನ್ ಹೊರಬಂತು. 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್, 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಎಂಬ ಸರ್ಕಾರಿ ಸಂಸ್ಥೆಗಳು ಸ್ಥಾಪನೆಯಾದವು.

ಇದು ಗೆಲುವಿನ ಕಥೆ. ಆದರೆ ಸೋಲಿನ ಕಥೆಯೂ ಜೊತೆಯಲ್ಲೇ ಆರಂಭವಾಗಿತ್ತು. 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿದಾಗ ಫ್ಲೆಮಿಂಗ್ ಅವರೇ ಎಚ್ಚರಿಸಿದ್ದರು: ಮದ್ದನ್ನು ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡರೆ ಸಾಯದೆ ಉಳಿದ ಬ್ಯಾಕ್ಟೀರಿಯಾಗಳು ಅದನ್ನು ತಡೆದುಕೊಳ್ಳಲು ಕಲಿಯುತ್ತವೆ. ಹಾಗೆಯೇ ಆಯಿತು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ರೋಗಿಗಳು ಮೊದಲು ಚೇತರಿಸಿಕೊಂಡರು. ಕೆಲವು ತಿಂಗಳಲ್ಲಿ ಅನೇಕರಿಗೆ ಮದ್ದು ನಾಟದಂತಾಯಿತು. ಇಂದಿಗೂ ಕ್ಷಯಕ್ಕೆ ಹಲವು ಮದ್ದುಗಳನ್ನು ಒಟ್ಟಿಗೆ, ತಿಂಗಳುಗಟ್ಟಲೆ ಕೊಡುವುದು ಇದೇ ಕಾರಣಕ್ಕೆ. ವಿಷಮಶೀತಜ್ವರಕ್ಕೆ, ಅಂದರೆ ಟೈಫಾಯ್ಡ್‌ಗೆ, ಕ್ಲೋರಾಂಫೆನಿಕಾಲ್ 1948ರಿಂದ ರಾಮಬಾಣವಾಗಿತ್ತು. ಆದರೆ 1972ರಲ್ಲಿ ನಮ್ಮ ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ ಆ ಮದ್ದಿಗೆ ಬಗ್ಗದ ಟೈಫಾಯ್ಡ್ ಹರಡಿತು. ಮುಂದೆ ಬಂದ ಸಿಪ್ರೊಫ್ಲಾಕ್ಸಾಸಿನ್ ಕೂಡ ಭಾರತದಲ್ಲಿ ಟೈಫಾಯ್ಡ್ ಮೇಲಿನ ಹಿಡಿತವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. 2019ರ ಒಂದು ವರ್ಷದಲ್ಲೇ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ತಜ್ಞರು ಅಂದಾಜಿಸಿದ್ದಾರೆ.

ಇನ್ನೊಂದು ಪಾಠ ನಮ್ಮ ಮಲೆನಾಡಿನದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಜನರಿಗೆ ಭಾರಿ ಜ್ವರ ಬಂತು. ಉಣುಗುಗಳಿಂದ ಹರಡುವ ಈ ಮಂಗನ ಕಾಯಿಲೆಗೆ ಕಾರಣ ವೈರಸ್. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ, ವೈರಸ್ಸಿನ ಮೇಲಲ್ಲ. ನೆಗಡಿ, ಡೆಂಗಿಗೂ ಇದೇ ಮಾತು. ಆದರೆ ಗದ್ದೆ, ತೋಟದ ಕೆಸರಿನಿಂದ ಬರುವ ಇಲಿಜ್ವರ ಬ್ಯಾಕ್ಟೀರಿಯಾದ್ದು, ಅದಕ್ಕೆ ಆಂಟಿಬಯೋಟಿಕ್ ಬೇಗ ಸಿಗಲೇಬೇಕು. ಈ ಜ್ವರಗಳೆಲ್ಲ ಆರಂಭದಲ್ಲಿ ಒಂದೇ ರೀತಿ ಕಾಣುತ್ತವೆ: ಮೈಬಿಸಿ, ತಲೆನೋವು, ಮೈಕೈ ನೋವು. ಗುರುತಿಸಬೇಕಾದವರು ವೈದ್ಯರು, ಬೇಕಾದರೆ ರಕ್ತಪರೀಕ್ಷೆಯಿಂದ. ಸಾವಿರ ವರ್ಷಗಳ ಹಿಂದೆಯೇ ಹಕೀಮ್ ಅಲ್ ರಾಝಿ ಅವರು ಸಿಡುಬು ಮತ್ತು ದಡಾರವನ್ನು ಬೇರೆ ಬೇರೆಯಾಗಿ ಗುರುತಿಸುವ ಬಗೆಯನ್ನು ಗ್ರಂಥವಾಗಿ ಬರೆದಿಟ್ಟರು. ಮೊದಲು ರೋಗದ ಗುರುತು, ಆಮೇಲೆ ಮದ್ದು ಎಂಬ ಈ ಪರಂಪರೆ ನಮ್ಮದೂ ಹೌದು.

ಕಾನೂನೂ ಇದನ್ನೇ ಹೇಳುತ್ತದೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಅನುಸೂಚಿಯ ಪ್ರಕಾರ, ಅದರಲ್ಲಿ ಸೇರಿದ ಆಂಟಿಬಯೋಟಿಕ್‌ಗಳನ್ನು ಮಾರಿದಾಗ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಮಾತ್ರೆ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು.

ಪ್ರಿಯ ವಿದ್ಯಾರ್ಥಿಗಳೇ, ಮನೆಯಲ್ಲಿ ಚೀಟಿ ಓದಬಲ್ಲವರು ಅನೇಕ ಸಲ ನೀವೇ ಆಗಿರುತ್ತೀರಿ. ಅಮ್ಮಿ, ಅಬ್ಬಾ, ದಾದಿಯವರಿಗೆ ಇಷ್ಟನ್ನು ತಿಳಿಸಿ. ವೈದ್ಯರು ಎಷ್ಟು ದಿನ ಹೇಳಿದ್ದಾರೋ ಅಷ್ಟು ದಿನ ಮಾತ್ರೆ ತೆಗೆದುಕೊಳ್ಳಬೇಕು. ಜ್ವರ ಇಳಿಯಿತೆಂದು ತಾವಾಗಿಯೇ ನಿಲ್ಲಿಸಬಾರದು. ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬಾರದು, ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಎತ್ತಿಡಬಾರದು. ಹಿಂದೆ ಯಾವುದಾದರೂ ಮದ್ದಿನಿಂದ ಮೈಮೇಲೆ ಗಂಧೆ ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಅಥವಾ ಗರ್ಭಿಣಿಯಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ರಂಜಾನ್ ತಿಂಗಳಲ್ಲಿ ರೋಜಾ ಇರುವವರು ಹಗಲಿನ ಮಾತ್ರೆಯನ್ನು ಸುಮ್ಮನೆ ಬಿಟ್ಟುಬಿಡಬಾರದು. ಸಹರಿ ಮತ್ತು ಇಫ್ತಾರ್ ವೇಳೆಗೆ ಹೊಂದುವ ಮದ್ದು ಇದೆಯೇ ಎಂದು ವೈದ್ಯರನ್ನು ಕೇಳಬೇಕು. ಇಲ್ಲವಾದರೆ, ಕಾಯಿಲೆಯವರು ರೋಜಾ ಬಿಟ್ಟು ಗುಣವಾದ ಮೇಲೆ ಅದನ್ನು ಪೂರೈಸಲು ದೀನ್ ರಿಯಾಯಿತಿ ಕೊಟ್ಟೇ ಇದೆ.

ನಮ್ಮ ಹಿರಿಯರ ಕಾಲದಲ್ಲಿ ಮದ್ದಿಲ್ಲದೆ ಜನ ಸತ್ತರು. ಮದ್ದು ಕೈಯಲ್ಲಿದ್ದೂ ಅದು ನಾಟದೆ ಸಾಯುವ ಕಾಲ ನಮ್ಮ ಮಕ್ಕಳಿಗೆ ಬರಬಾರದು. ಈ ಮದ್ದು ಒಂದು ಅಮಾನತ್ತು. ಅದನ್ನು ಕೆಡದಂತೆ ಮುಂದಿನವರಿಗೆ ಒಪ್ಪಿಸುವುದು ಕಲಿತವರೆಲ್ಲರ ಹೊಣೆ.