ಹಡಗಿನ ಒಡಲಿನಿಂದ ಬಂದ ಮಾತು

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್ ಹೊಸದಲ್ಲ. ಬ್ಯಾಡಗಿ ಮೆಣಸಿನಕಾಯಿ, ಜೋಳ, ಬೇಸಿಗೆಯಲ್ಲಿ ಕರ್ನಾಟಕದ ಮಾವು ನಮ್ಮನ್ನು ಅಲ್ಲಿಗೆ ಎಳೆದೊಯ್ಯುತ್ತವೆ. ಅಲ್ಲಿಯ ಗೋದಾಮುಗಳಲ್ಲಿ ಚೀಲದ ಮೇಲೆ ಚೀಲ ಒಟ್ಟಿರುವುದನ್ನು ಕಂಡವರಿಗೆ ಇಂಗ್ಲಿಷಿನ ‘ರಮ್ಮೇಜ್’ ಎಂಬ ಮಾತಿನ ಚರಿತ್ರೆ ಸುಲಭವಾಗಿ ತಿಳಿಯುತ್ತದೆ.

ಪೆಟ್ಟಿಗೆಯನ್ನೋ ಕಪಾಟನ್ನೋ ಮೇಲುಕೆಳಗು ಮಾಡಿ ಹುಡುಕುವುದು ಎಂಬುದು ಆ ಮಾತಿನ ಇಂದಿನ ಅರ್ಥ. ಆದರೆ ಹುಟ್ಟಿದಾಗ ಅದರ ಅರ್ಥ ಇದಕ್ಕೆ ತೀರ ವಿರುದ್ಧವಾಗಿತ್ತು. ಹಡಗಿನ ಒಡಲಿನಲ್ಲಿ ಸರಕನ್ನು ಅಚ್ಚುಕಟ್ಟಾಗಿ ಜೋಡಿಸುವುದಕ್ಕೆ ಹಳೆಯ ಫ್ರೆಂಚಿನಲ್ಲಿ ‘ಅರುಮಾಜ್’ ಎನ್ನುತ್ತಿದ್ದರು. ಅದರ ಬೇರು ಜರ್ಮನಿಕ್ ಭಾಷೆಗಳಲ್ಲಿ ‘ಸ್ಥಳ’ ಎಂಬರ್ಥದ ಶಬ್ದದಲ್ಲಿದೆ, ಇಂಗ್ಲಿಷಿನ ‘ರೂಮ್’ ಅದರ ಬಳಗದ್ದೇ ಎಂಬುದು ಪಂಡಿತರ ಮತ. 16ನೆಯ ಶತಮಾನದಲ್ಲಿ ಈ ಮಾತು ಇಂಗ್ಲಿಷಿಗೆ ಬಂದಿತು.

ಪೀಪಾಯಿಗಳನ್ನು ಸರಿಯಾಗಿ ಒಟ್ಟದಿದ್ದರೆ ಅಲೆಗಳ ಹೊಡೆತಕ್ಕೆ ಅವು ಉರುಳಿ ಹಡಗು ಒಂದು ಬದಿಗೆ ವಾಲುತ್ತದೆ. ಆದುದರಿಂದ ಅದು ಬಲ್ಲವರ ಕೆಲಸವಾಗಿತ್ತು. ಅಡಿಯಲ್ಲಿರುವ ಒಂದು ಸರಕು ಬೇಕಾದರೆ ಮೇಲಿನದನ್ನೆಲ್ಲ ಸರಿಸಲೇಬೇಕು. ಹೀಗೆ ಜೋಡಿಸುವ ಮಾತು 17ನೆಯ ಶತಮಾನದ ಹೊತ್ತಿಗೆ ಹುಡುಕುವ ಮಾತಾಯಿತು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ ಇದೇ ಮಾತಿಗೆ ಗಡಿಬಿಡಿ, ಗದ್ದಲ ಎಂಬ ಅರ್ಥವಿದೆ. ಬ್ರಿಟನ್ನಿನ ಸುಂಕದ ಅಧಿಕಾರಿಗಳು ಹಡಗಿನಲ್ಲಿ ಕಳ್ಳಮಾಲು ಹುಡುಕುವುದಕ್ಕೂ ‘ರಮ್ಮೇಜ್’ ಎಂದೇ ಹೆಸರು.

ಈ ಮಾತನ್ನು ರೂಢಿಸಿದವರು ಪಂಡಿತರಲ್ಲ, ದುಡಿಯುವ ಜನ. ಮಾರ್ಕೆಟ್ ಯಾರ್ಡಿನಲ್ಲಿ ಅಂಥ ಕೆಲಸ ಮಾಡುವವರು ಹಮಾಲರು. ಹೊರುವವನು ಎಂಬರ್ಥದ ‘ಹಮಾಲ’ ಅರಬ್ಬಿಯಿಂದ ಬಂದ ಶಬ್ದ. ತಲೆಯ ಮೇಲೆ ಹೊರೆ ಹೊರುವ ‘ಮಾಥಾಡಿ’ಗಳಿಗೂ ಹಮಾಲರಿಗೂ ರಕ್ಷಣೆ ಕೊಡಲು ಮಹಾರಾಷ್ಟ್ರ 1969ರಲ್ಲಿ ಕಾನೂನು ಮಾಡಿತು. ಡಾ. ಬಾಬಾ ಆಢಾವರು ಕಟ್ಟಿದ ಪುಣೆಯ ಹಮಾಲ ಪಂಚಾಯತ್ ಅಗ್ಗದ ಊಟಕ್ಕಾಗಿ 1974ರಲ್ಲಿ ‘ಕಷ್ಟಾಚೀ ಭಾಕರ್’ ಆರಂಭಿಸಿತು. ಬೆವರಿನ ರೊಟ್ಟಿ ಎಂದು ನಾವು ಅದನ್ನು ಕನ್ನಡಿಸಬಹುದು.

ಸರಕಿನಂತೆ ಮಾತುಗಳೂ ಗಡಿ ದಾಟುತ್ತವೆ. ಮರಾಠಿಯಲ್ಲಿ, ಅದರಲ್ಲೂ ದಕ್ಷಿಣ ಮಹಾರಾಷ್ಟ್ರದ ಆಡುಮಾತಿನಲ್ಲಿ, ಹುಡುಕುವುದಕ್ಕೆ ‘ಹುಡಕಣೆ’ ಎನ್ನುತ್ತಾರೆ. ಅದು ನಮ್ಮ ‘ಹುಡುಕು’ವಿನ ನಂಟೇ. ಮಹಾರಾಷ್ಟ್ರದ ನೆಲದಲ್ಲಿ ಕನ್ನಡದ ಇಂಥ ಕುರುಹುಗಳನ್ನು ಅರಸಿದ ಶಂ. ಬಾ. ಜೋಶಿಯವರು (1896–1991) ತಮ್ಮ ಗ್ರಂಥವೊಂದಕ್ಕೆ ‘ಕಣ್ಮರೆಯಾದ ಕನ್ನಡ’ ಎಂದೇ ಹೆಸರಿಟ್ಟರು.

ಕಣ್ಮರೆಯ ಭಯ ಈಗ ನಮ್ಮ ಮನೆಗಳಲ್ಲೂ ಇದೆ. ನಮ್ಮ ಮಕ್ಕಳು ಶಾಲೆಯಲ್ಲಿ ‘ಶೋಧ್’ ಎನ್ನುತ್ತಾರೆ, ಮನೆಯಲ್ಲಿ ‘ಸರ್ಚ್ ಮಾಡು’ ಎನ್ನುತ್ತಾರೆ. ಸರ್ಚ್ ಕೂಡ ಹಳೆಯ ಮಾತೇ. ಸುತ್ತಿ ಬರುವುದು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದ ಅದು ‘ಸರ್ಕಸ್’ನ ಬಂಧು. ಆ ಮಾತುಗಳನ್ನು ಕಲಿಯಬಾರದೆಂದು ನಾವು ಹೇಳುವುದಿಲ್ಲ. ಪುಣೆಯ ಅನ್ನ ಉಂಡು ಮರಾಠಿಯನ್ನು ದೂರವಿಡುವುದು ಸರಿಯೂ ಅಲ್ಲ. ಆದರೆ ಕನ್ನಡದಲ್ಲಿ ಹುಡುಕುವುದಕ್ಕೆ ಎಷ್ಟು ಬಗೆಯಿದೆಯೆಂದು ಅವರಿಗೆ ತಿಳಿಯಬೇಡವೆ? ಕೋಳಿ ತಿಪ್ಪೆಯನ್ನು ಕೆದಕುತ್ತದೆ. ಕತ್ತಲಲ್ಲಿ ಕೈ ಬೆಂಕಿಪೊಟ್ಟಣಕ್ಕಾಗಿ ತಡಕುತ್ತದೆ. ಬಟ್ಟೆಯನ್ನು ನೀರಿನಲ್ಲಿ ಜಾಲಾಡಿದಂತೆ ಮನೆಯನ್ನೆಲ್ಲ ಜಾಲಾಡುತ್ತೇವೆ. ಒಂದೊಂದು ಮಾತಿನ ಹಿಂದೆಯೂ ಒಂದೊಂದು ಕೆಲಸವಿದೆ.

ಇವನ್ನು ಕಲಿಸಲು ಪಾಠಶಾಲೆ ಬೇಡ. ಮಗುವಿನ ಪೆನ್ಸಿಲ್ ಕಳೆದಾಗ “ಚೀಲ ಜಾಲಾಡಿ ನೋಡು, ಮಂಚದ ಕೆಳಗೆ ತಡಕಿ ನೋಡು” ಎಂದರೆ ಸಾಕು. ಪೆನ್ಸಿಲಿನ ಜೊತೆಗೆ ಎರಡು ಕನ್ನಡ ಮಾತುಗಳೂ ಆ ಮಗುವಿಗೆ ದೊರಕುತ್ತವೆ.