ಅಗ್ಗದ ಕೋಳಿಮಾಂಸದ ಕಾಣದ ಬೆಲೆ

1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಡ್ ಕೋಳಿಮರಿಗಳಿಗೆ ಬಿ12 ವಿಟಮಿನ್ ಒದಗಿಸುವ ಅಗ್ಗದ ಮೂಲವನ್ನು ಹುಡುಕುತ್ತಿದ್ದರು. ಆರಿಯೋಮೈಸಿನ್ ಎಂಬ ಪ್ರತಿಜೈವಿಕವನ್ನು ತಯಾರಿಸಿದ ಮೇಲೆ ಉಳಿಯುವ ಗಸಿಯನ್ನು ಆಹಾರದಲ್ಲಿ ಬೆರೆಸಿದಾಗ ಮರಿಗಳು ನಿರೀಕ್ಷೆಗೂ ಮೀರಿ ಬೆಳೆದವು. ಗಸಿಯಲ್ಲಿ ಉಳಿದಿದ್ದ ಅಲ್ಪ ಪ್ರಮಾಣದ ಪ್ರತಿಜೈವಿಕವೇ ಇದಕ್ಕೆ ಕಾರಣ ಎಂದು ತಿಳಿದುಬಂತು. ಕಡಿಮೆ ಆಹಾರಕ್ಕೆ ಹೆಚ್ಚು ಮಾಂಸ! 1950ರ ದಶಕದಲ್ಲಿ ಈ ಪದ್ಧತಿ ಬೇಗನೆ ಹರಡಿತು.

ಆದರೆ ಪ್ರತಿಜೈವಿಕದ ಅಲ್ಪ ಪ್ರಮಾಣ ದುರ್ಬಲ ಬ್ಯಾಕ್ಟೀರಿಯಗಳನ್ನಷ್ಟೇ ಕೊಲ್ಲುತ್ತದೆ. ಪ್ರತಿರೋಧವುಳ್ಳವು ಉಳಿದು ವೃದ್ಧಿಸುತ್ತವೆ. ಪ್ರತಿರೋಧದ ಜೀನ್‌ಗಳು ಪ್ಲಾಸ್ಮಿಡ್‌ಗಳ ಮೂಲಕ ಬೇರೆ ಪ್ರಭೇದದ ಬ್ಯಾಕ್ಟೀರಿಯಗಳಿಗೂ ದಾಟಬಲ್ಲವು. ಕೋಳಿಗೊಬ್ಬರದ ಜೊತೆ ಅವು ಮಣ್ಣು, ನೀರನ್ನೂ ಸೇರುತ್ತವೆ.

1969ರಲ್ಲಿ ಬ್ರಿಟನ್ನಿನ ಸ್ವಾನ್ ಸಮಿತಿ ಈ ಅಪಾಯದ ಬಗ್ಗೆ ಎಚ್ಚರಿಸಿತು. ಬಾಸ್ಟನ್ ಬಳಿಯ ಫಾರಂ ಒಂದರಲ್ಲಿ ಸ್ಟುವರ್ಟ್ ಲೆವಿ ಮತ್ತು ಸಹೋದ್ಯೋಗಿಗಳು ಕೋಳಿಗಳಿಗೆ ಟೆಟ್ರಾಸೈಕ್ಲಿನ್ ಬೆರೆಸಿದ ಆಹಾರ ಕೊಟ್ಟು ನೋಡಿದರು. ಒಂದೆರಡು ವಾರಗಳಲ್ಲೇ ಕೋಳಿಗಳ ಕರುಳಿನಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಗಳು ತುಂಬಿದವು. ಆರು ತಿಂಗಳೊಳಗೆ ಫಾರಂನ ಕೆಲವು ನಿವಾಸಿಗಳ ಕರುಳಿನಲ್ಲೂ ಅವು ಹೆಚ್ಚಿದವು. ಈ ಫಲಿತಾಂಶ 1976ರಲ್ಲಿ ಪ್ರಕಟವಾಯಿತು.

ಬೆಳವಣಿಗೆಗಾಗಿ ಪ್ರತಿಜೈವಿಕ ಬಳಸುವುದನ್ನು ಸ್ವೀಡನ್ 1986ರಲ್ಲಿ, ಐರೋಪ್ಯ ಒಕ್ಕೂಟ 2006ರಲ್ಲಿ ನಿಷೇಧಿಸಿದವು. 2015ರಲ್ಲಿ ಚೀನಾದ ಹಂದಿ, ಮಾಂಸ ಮತ್ತು ರೋಗಿಗಳಿಂದ ಪಡೆದ ಬ್ಯಾಕ್ಟೀರಿಯಗಳಲ್ಲಿ ಕೊಲಿಸ್ಟಿನ್ ಔಷಧಿಗೆ ಪ್ರತಿರೋಧ ನೀಡುವ ಎಂಸಿಆರ್-1 ಎಂಬ ಜೀನ್ ಪತ್ತೆಯಾಯಿತು. ಬೇರೆ ಔಷಧಿಗಳು ಸೋತಾಗ ವೈದ್ಯರು ಕೊನೆಯದಾಗಿ ಮೊರೆಹೋಗುವ ಔಷಧಿಗಳಲ್ಲಿ ಕೊಲಿಸ್ಟಿನ್ ಒಂದು. ಕೋಳಿ ಮತ್ತಿತರ ಆಹಾರ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ಭಾರತ 2019ರಲ್ಲಿ ನಿಷೇಧಿಸಿತು.

ಕೋಳಿ ಅಂಗಡಿಯ ಬಿಲ್ಲಿನಲ್ಲಿ ಈ ವೆಚ್ಚ ಕಾಣುವುದಿಲ್ಲ. ಔಷಧಿಗೆ ಬಗ್ಗದ ಸೋಂಕಿನಿಂದ ಆಸ್ಪತ್ರೆ ಸೇರಿದ ರೋಗಿ ಅದನ್ನು ತೆರುತ್ತಾನೆ. ಆತ ಕೋಳಿ ತಿಂದವನೇ ಆಗಿರಬೇಕೆಂದಿಲ್ಲ.