ಧಾರವಾಡ ಸೀಮೆಯಲ್ಲಿ ವಿದ್ಯಾರ್ಥಿಪೋಷಣೆಯ ಇತಿಹಾಸ

ಪ್ರಾಚೀನ ಕರ್ನಾಟಕದ ವಿದ್ಯಾಭ್ಯಾಸಕ್ರಮವನ್ನು ಕುರಿತು ನಮ್ಮ ವಿದ್ವಾಂಸರು ಬಹಳವಾಗಿ ಬರೆದಿರುವರು. ಅಗ್ರಹಾರ, ಘಟಿಕಾಸ್ಥಾನ, ಬ್ರಹ್ಮಪುರಿ, ಮಠ ಇವುಗಳಲ್ಲಿ ಯಾವ ಯಾವ ಶಾಸ್ತ್ರಗಳ ಪಾಠವು ನಡೆಯುತ್ತಿದ್ದಿತೆಂಬುದು ಬಹುಮಟ್ಟಿಗೆ ವಿದಿತವಾಗಿದೆ. ಆದರೆ ಪಾಠವನ್ನು ಕೇಳಲು ಬಂದವನು ಎಲ್ಲಿ ಉಂಡನು, ಎಲ್ಲಿ ಮಲಗಿದನು, ಯಾವ ಕಾರಣದಿಂದ ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹಿಂದಿರುಗಿದನು ಎಂಬ ವಿಚಾರವು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಾಲೇಜುಗಳಲ್ಲಿ ಪಾಠ ಹೇಳುವ ಅಧ್ಯಾಪಕರಿಗಾದರೋ ಇದು ದಿನದಿನದ ಪ್ರಶ್ನೆಯಾಗಿದೆ. ಜೂನಿನಲ್ಲಿ ತುಂಬಿದ ತರಗತಿಯು ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ತೆರವಾಗುವುದನ್ನು ಅವರು ಕಾಣುತ್ತಿರುವರು. ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವುಂಟೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಾಸನಗಳನ್ನು ನೋಡೋಣ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಸ್ತಂಭಶಾಸನವೊಂದಿದೆ. ಅದರ ಕಾಲವು ಶಕ 867, ಅಂದರೆ ಕ್ರಿ.ಶ. 945. ಆಗ ಈ ಊರಿಗೆ ಪಾವಿಟ್ಟಗೆ ಎಂದು ಹೆಸರು. ಅರಸನ ಮಂತ್ರಿಯಾದ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಸೇರಿದರು. ಅವರ ವಾಸಕ್ಕೆಂದು 27 ಮನೆಗಳೂ ದೀಪದ ವೆಚ್ಚಕ್ಕೆಂದು 12 ನಿವರ್ತನ ಭೂಮಿಯೂ ದತ್ತಿಯಾಗಿ ಬಂದುವು. ಉಪಾಧ್ಯಾಯನ ಜೀವನಕ್ಕೆ ಬೇರೆಯೇ ಭೂಮಿಯಿದ್ದಿತು. ಮೇಲಾಗಿ, ಊರಿನಲ್ಲಿ ಮದುವೆ, ಉಪನಯನ, ಚೌಲಗಳು ನಡೆದಾಗಲೆಲ್ಲ ಶಾಲೆಗೆ ಇಂತಿಷ್ಟು ಕಾಣಿಕೆ ಸಲ್ಲಬೇಕೆಂದು ವಿಧಿಸಲಾಗಿದೆ. ಮದುವೆಗೆ ಸಲ್ಲುವುದರ ಅರ್ಧ ಉಪನಯನಕ್ಕೆ, ಅದರ ಅರ್ಧ ಚೌಲಕ್ಕೆ.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ದಾನಿಯು ಅಧ್ಯಾಪಕನ ವೃತ್ತಿಯೊಡನೆ ವಿದ್ಯಾರ್ಥಿಯ ಸೂರನ್ನೂ ದೀಪವನ್ನೂ ಬೇರೆ ಬೇರೆಯಾಗಿ ಎಣಿಸಿರುವನು. ಎಣ್ಣೆಯಿಲ್ಲದಿದ್ದರೆ ರಾತ್ರಿಯ ಓದು ನಿಲ್ಲುವುದೆಂಬುದನ್ನು ಆತನು ಬಲ್ಲವನಾಗಿದ್ದನು. 1058ರ ನಾಗಾವಿಯ ಶಾಸನದಲ್ಲಿಯೂ ಇದೇ ಎಚ್ಚರಿಕೆಯನ್ನು ಕಾಣುತ್ತೇವೆ. ಅಲ್ಲಿಯ ಘಟಿಕಾಶಾಲೆಯಲ್ಲಿ ವೇದಾಧ್ಯಯನದ 200 ಮಂದಿಗೂ ಶಾಸ್ತ್ರಾಧ್ಯಯನದ 52 ಮಂದಿಗೂ ಅವಕಾಶವಿದ್ದಿತು. ಅಧ್ಯಾಪಕರು ಆರು ಮಂದಿ, ಸರಸ್ವತೀ ಭಾಂಡಾರಿಗರು ಆರು ಮಂದಿ. ವಿದ್ಯಾರ್ಥಿಗಳ ಸಂಖ್ಯೆಯನ್ನು ಹೀಗೆ ಕಲ್ಲಿನಲ್ಲಿ ನಿಗದಿಮಾಡಿದುದಕ್ಕೆ ಅರ್ಥವೇನು? ಇಷ್ಟು ಮಂದಿಯ ಯೋಗಕ್ಷೇಮವನ್ನು ದತ್ತಿಯು ಹೊರುವುದೆಂಬ ಪ್ರತಿಜ್ಞೆಯೇ ಅದು ಎಂದು ನಾನು ತಿಳಿಯುತ್ತೇನೆ.

ಆದರೆ ಈ ಪ್ರತಿಜ್ಞೆಗೆ ಒಂದು ಗಡಿಯಿದ್ದಿತೆಂಬುದನ್ನು ಮರೆಯಲಾಗದು. ವೇದಶಾಸ್ತ್ರಗಳ ಅಧಿಕಾರವುಳ್ಳವರಿಗಾಗಿಯೇ ಆ ಮನೆಗಳೂ ದೀಪಗಳೂ ಇದ್ದುವು. ಆ ಭೂಮಿಯನ್ನು ಉತ್ತವನ ಮಗನಿಗೆ ಆ ಶಾಲೆಯ ಬಾಗಿಲು ತೆರೆದಿರಲಿಲ್ಲ. ಆ ಪರಂಪರೆಯ ಪಾಠಶಾಲೆಯ ಅನ್ನವನ್ನುಂಡು ಬೆಳೆದ ನಾನು ಇದನ್ನು ಹೇಳದೆ ಬಿಟ್ಟರೆ ಇತಿಹಾಸಕ್ಕೆ ಅಪಚಾರವಾದೀತು.

ದತ್ತಿಗಳು ಕ್ಷಯಿಸಿದ ಕಾಲದಲ್ಲಿ ಅವುಗಳ ಸ್ಥಾನದಲ್ಲಿ ನಿಂತದ್ದು ವಾರಾನ್ನ. ಬಡ ವಿದ್ಯಾರ್ಥಿಯು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಓದುತ್ತಿದ್ದನು. ಈ ಪದ್ಧತಿಯಿಂದ ವಿದ್ಯಾವಂತರಾದವರು ಅಸಂಖ್ಯರು. ಆದರೂ ಒಂದು ಮನೆಯಲ್ಲಿ ಸೂತಕವಾದರೆ, ಅಥವಾ ಯಜಮಾನನು ಪರಸ್ಥಳಕ್ಕೆ ಹೋದರೆ, ಆ ವಾರವು ಉಪವಾಸ. ಶಾಸನದ ಅನ್ನವು ನಿಯಮದಿಂದ ಬರುತ್ತಿದ್ದಿತು, ವಾರದ ಅನ್ನವು ದಾಕ್ಷಿಣ್ಯದಿಂದ ಬರುತ್ತಿದ್ದಿತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಧಾರವಾಡದಲ್ಲಿ ಪೋಷಣೆಯು ಮತ್ತೆ ಸಂಸ್ಥೆಯ ರೂಪವನ್ನು ತಾಳಿತು. 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿ ವಿದ್ಯಾರ್ಥಿಗಳಿಗೆ ಧನಸಹಾಯವನ್ನು ಮಾಡತೊಡಗಿತು. ಆ ಕಾಲದಲ್ಲಿ ಈ ಸೀಮೆಯವರು ಕಾಲೇಜಿನ ಓದಿಗೆ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿದ್ದಿತು. ಅಲ್ಲಿಯ ವೆಚ್ಚವನ್ನು ಒಕ್ಕಲು ಮನೆತನಗಳು ತಾಳಲಾರದೆ ಇದ್ದುವು. ರೊದ್ದ ಶ್ರೀನಿವಾಸರಾಯರೂ ಅರಟಾಳ ರುದ್ರಗೌಡರೂ ಹಣ ಕೂಡಿಸಿ ದುಡಿದುದರ ಫಲವಾಗಿ 1917ರಲ್ಲಿ ಕರ್ನಾಟಕ ಕಾಲೇಜು ಧಾರವಾಡದಲ್ಲಿ ಆರಂಭವಾಯಿತು. ದಾರಿ ಹತ್ತಿರವಾಯಿತು; ಆದರೆ ಊಟದ ಚಿಂತೆ ತೀರಲಿಲ್ಲ. ಅದನ್ನು ಹೊತ್ತವರಲ್ಲಿ ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ಅಗ್ರಗಣ್ಯರು. ಅವರ ಉಚಿತ ಪ್ರಸಾದನಿಲಯದಿಂದಾಗಿ ಹಳ್ಳಿಯ ಹುಡುಗನು ಮನೆಮನೆಗೆ ತಿರುಗದೆ ಒಂದೇ ಸ್ಥಳದಲ್ಲಿ ಉಂಡು ಓದುವಂತಾಯಿತು.

ಈ ಎಲ್ಲ ವ್ಯವಸ್ಥೆಗಳ ಹೊರಗೆ ಉಳಿದವರ ಕಥೆಯು ಬೇರೆ. ಅಸ್ಪೃಶ್ಯರೆನಿಸಿಕೊಂಡವರ ಮಗನಿಗೆ ವಾರದ ಮನೆಯೂ ಇರಲಿಲ್ಲ, ಖಾನಾವಳಿಯ ಪಂಕ್ತಿಯೂ ಇರಲಿಲ್ಲ. ಶಾಲೆಯು ಅವನನ್ನು ಸೇರಿಸಿಕೊಂಡರೂ ಊರು ಅವನಿಗೆ ಮಲಗಲು ಸ್ಥಳವನ್ನು ಕೊಡುತ್ತಿರಲಿಲ್ಲ. ಡಾ. ಅಂಬೇಡ್ಕರರು 1928ರಲ್ಲಿ ಶೋಷಿತವರ್ಗಗಳ ಶಿಕ್ಷಣಸಂಸ್ಥೆಯನ್ನು ಸ್ಥಾಪಿಸಿ, ಮರುವರ್ಷ ಧಾರವಾಡದಲ್ಲಿ ವಿದ್ಯಾರ್ಥಿನಿಲಯವನ್ನು ತೆರೆದರು; ಮುಂದೆ ಅದು ಬುದ್ಧರಕ್ಖಿತ ವಸತಿನಿಲಯವೆಂದು ಹೆಸರಾಯಿತು. ಹುಬ್ಬಳ್ಳಿಯಲ್ಲಿ ವೀರನಗೌಡ ಪಾಟೀಲರೂ ನಾಗಮ್ಮ ಪಾಟೀಲರೂ ಹರಿಜನ ಬಾಲಿಕಾಶ್ರಮವನ್ನು ನಡೆಸಿದರು. ಸಾಲೋಟಗಿಯ 27 ಮನೆಗಳನ್ನು ಕೊಂಡಾಡುವ ನಾವು ಈ ನಿಲಯಗಳನ್ನು ಅದೇ ಇತಿಹಾಸದ ಅಧ್ಯಾಯಗಳೆಂದು ಓದಬೇಕು. ಮೊದಲಿನ ದಾನಿಗಳು ಕಂಡ ಉಪಾಯವು ಅವರು ಕಾಣದೆ ಬಿಟ್ಟವರಿಗೆ ದೊರೆತದ್ದು ಇಲ್ಲಿ.

ಗ್ರಾಮಾಂತರದಲ್ಲಿ ಪೋಷಣೆಯ ಇನ್ನೊಂದು ಮುಖವನ್ನು ಕುಂದಗೋಳದಲ್ಲಿ ಕಾಣಬಹುದು. 1948ರವರೆಗೆ ಈ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ಸವಾಯಿ ಗಂಧರ್ವರ ಬಳಿಗೆ 1936ರ ಸುಮಾರಿಗೆ ಬಂದ ಭೀಮಸೇನ ಜೋಶಿಯವರು ಗುರುಗೃಹದಲ್ಲಿಯೇ ಇದ್ದು, ಮನೆಗೆಲಸ ಮಾಡಿ, ವಿದ್ಯೆ ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು ಅದೇ ಗುರುಗಳಲ್ಲಿ ಕಲಿತರು. ಒಬ್ಬರಿಗೆ ಗುರುವಿನ ಮನೆ ಒದಗಿತು, ಇನ್ನೊಬ್ಬರಿಗೆ ರೈಲುದಾರಿ ಒದಗಿತು. ಇವೆರಡರಲ್ಲೊಂದಾದರೂ ಇಲ್ಲದೆ ಹಳ್ಳಿಯ ವಿದ್ಯಾರ್ಥಿಯು ಓದಿನಲ್ಲಿ ನಿಲ್ಲಲಾರನು.

ಇಂದಿಗೂ ಸ್ಥಿತಿಯು ಇದೇ. ಅಕ್ಷರ ದಾಸೋಹದ ಊಟವು ಹತ್ತನೆಯ ತರಗತಿಯವರೆಗೆ ಸಲ್ಲುತ್ತದೆ. ಸರಕಾರದ ವಸತಿನಿಲಯಗಳೂ ವಿದ್ಯಾರ್ಥಿವೇತನಗಳೂ ಇವೆ. 2023ರಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಪ್ರಯಾಣವು ಉಚಿತವಾಗಿದೆ. ಆದರೆ ಮಳೆಗಾಲದಲ್ಲಿ ಬೆಣ್ಣೆಹಳ್ಳವು ತುಂಬಿ ಬಂದರೆ ನವಲಗುಂದದ ಕಡೆಯ ಹಳ್ಳಿಗಳ ದಾರಿ ಕಟ್ಟುತ್ತದೆ. ಎರೆಮಣ್ಣು ಕಾಲನ್ನು ಹಿಡಿಯುತ್ತದೆ. ಹತ್ತನೆಯ ತರಗತಿಯವರೆಗೆ ಮಧ್ಯಾಹ್ನ ಉಂಡ ಹುಡುಗಿಯು ಕಾಲೇಜಿಗೆ ಬಂದೊಡನೆ ಬುತ್ತಿಯಿಲ್ಲದೆ ಸಂಜೆಯ ಬಸ್ಸನ್ನು ಕಾಯಬೇಕಾಗುತ್ತದೆ.

ನನ್ನ ಪಾಠಶಾಲೆಯ ಸಹಪಾಠಿಯೊಬ್ಬನ ನೆನಪಾಗುತ್ತದೆ. ಅಮರಕೋಶದ ಮೂರು ಕಾಂಡಗಳೂ ಅವನಿಗೆ ಕಂಠಸ್ಥವಾಗಿದ್ದುವು, ನನಗೆ ಒಂದೂವರೆ. ಒಂದು ವರ್ಷ ಅವನ ಮನೆಯ ಎತ್ತು ಸತ್ತಿತು. ಹಿಂಗಾರಿ ಬಿತ್ತಿಗೆಗೆಂದು ಊರಿಗೆ ಹೋದವನು ತಿರುಗಿ ಬರಲಿಲ್ಲ. ಬಹಳ ವರ್ಷಗಳ ತರುವಾಯ ಅಲ್ಲಿಯ ಹಳೆಯ ದಾಖಲಾತಿ ಪುಸ್ತಕವನ್ನು ನೋಡುವ ಸಂದರ್ಭ ಒದಗಿತು. ಬಿಟ್ಟ ಕಾರಣದ ಅಂಕಣದಲ್ಲಿ ಅವನ ಹೆಸರಿನ ಮುಂದೆ ಬರೆದದ್ದು ಒಂದೇ ಮಾತು: ಗೈರುಹಾಜರಿ. ಎತ್ತಿನ ವಿಚಾರವನ್ನು ಯಾರೂ ಕೇಳಿರಲಿಲ್ಲ; ನಾನೂ ಹೇಳಿರಲಿಲ್ಲ.

ಆದಕಾರಣ ವಿದ್ವಾಂಸರಲ್ಲಿಯೂ ಅಧ್ಯಾಪಕರಲ್ಲಿಯೂ ಒಂದು ವಿಜ್ಞಾಪನೆ. ನಮ್ಮ ಶಾಲಾಕಾಲೇಜುಗಳ ದಾಖಲಾತಿ ಪುಸ್ತಕಗಳು ಶಾಸನಗಳಷ್ಟೇ ಆದರಣೀಯವಾದ ಸಾಮಗ್ರಿಗಳು. ಗೆದ್ದಲು ಹಿಡಿಯುವುದಕ್ಕೆ ಮುಂಚೆ ಅವುಗಳನ್ನು ಪರಿಶೀಲಿಸಿ, ಬಿಟ್ಟವರು ಯಾವ ಊರಿನವರು, ಯಾವ ತಿಂಗಳಿನಲ್ಲಿ ಬಿಟ್ಟರು ಎಂಬುದನ್ನು ಗುರುತಿಸಬೇಕು. ಇಂದಿನ ಅಧ್ಯಾಪಕರು ಆ ಅಂಕಣದಲ್ಲಿ ಗೈರುಹಾಜರಿ ಎಂದು ಬರೆಯುವ ಮೊದಲು ಒಂದು ಸಲ ಆ ಮನೆಗೆ ಹೋಗಿ ವಿಚಾರಿಸಲಿ. ಒಂದು ಸಾವಿರ ವರ್ಷಗಳ ಹಿಂದೆ ದೀಪದ ಎಣ್ಣೆಯವರೆಗೆ ಯೋಚಿಸಿದ ನಾಡಿನಲ್ಲಿ ಇಷ್ಟು ಅಸಾಧ್ಯವಾಗಲಾರದು.